ಮೈಕಿನ ಮುಂದೆ ಆಡಿದ ಯಾವುದೋ ಮಾತು

ಸೋಮವಾರ ಸಂಜೆ ಅನಂತರಾಮು ವಿಮಾ ಕಚೇರಿಯಿಂದ ಬಂದು ಇನ್ನೂ ಕೋಟು ಬಿಚ್ಚುತ್ತಿದ್ದ. ಆಗ ಶಾಂತವೀರಪ್ಪನವರು ಬಾಗಿಲಿಗೆ ಬಂದರು. ಮಂಜುವಾಣಿ ಧ್ವನಿವರ್ಧಕ ಕಂಪನಿಯ ಯಜಮಾನರು. ದಪ್ಪ ಆಸಾಮಿ, ಬಸವನಗುಡಿಯಿಂದ ಜಯನಗರ ಮೂರನೇ ಬ್ಲಾಕಿನವರೆಗೆ ನಡೆದು ಬಂದದ್ದಕ್ಕೆ ಬೆವರಿದ್ದರು. ಅನಂತರಾಮುವಿನ ಹೆಂಡತಿ ಕಾತ್ಯಾಯಿನಿ ಕಾಫಿಗೆ ಇಡುತ್ತೇನೆಂದರೆ ಬೇಡವೆಂದರು. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ಮುಂದಿನ ಭಾನುವಾರ ನೀವು ಬರೋದು ಬೇಡ ಅನಂತರಾಮು," ಎಂದರು.

"ಆಟ ಇಲ್ವಾ ಸಾರ್?"

"ಆಟ ಇದೆ. ನೀವು ಬರೋದು ಬೇಡ. ಚಿಕ್ಕಬೈರಪ್ಪನಿಗೂ ಹೇಳಿದೀನಿ. ಸ್ವಲ್ಪ ದಿನ ಇಬ್ರೂ ಮೈಕಿನಿಂದ ದೂರ ಇರಿ."

"ಯಾಕೆ ಸಾರ್?"

ಶಾಂತವೀರಪ್ಪ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗೊತ್ತಿದ್ದೂ ಕೇಳುತ್ತಿದ್ದಾನೆ ಅಂದುಕೊಂಡರೋ ಏನೋ, "ನಿಮಗೇ ಗೊತ್ತಲ್ಲ, ಆ ಮಾತು," ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಅನಂತರಾಮು ಅರ್ಧ ಬಿಚ್ಚಿದ ಕೋಟಿನಲ್ಲೇ ನಿಂತಿದ್ದ. ಯಾವ ಮಾತು ಎನ್ನುವುದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ಅವನು ಕಬಡ್ಡಿಯ ಮೈಕಿಗೆ ಬಂದದ್ದು ಎರಡು ವರ್ಷದ ಹಿಂದೆ, ಅಂದರೆ ಅರವತ್ತೊಂದನೇ ಇಸವಿಯಲ್ಲಿ. ಸಾರಕ್ಕಿ, ಜರಗನಹಳ್ಳಿ, ಯಡಿಯೂರು, ಬೈರಸಂದ್ರ, ಕನಕನಪಾಳ್ಯದ ಹುಡುಗರನ್ನೆಲ್ಲ ಸೇರಿಸಿ ಒಂದು ಕಬಡ್ಡಿ ಲೀಗ್ ಶುರುವಾಗಿತ್ತು. ನಾಲ್ಕನೇ ಬ್ಲಾಕಿನ ಖಾಲಿ ಬಯಲಲ್ಲಿ ಭಾನುವಾರ ಮಧ್ಯಾಹ್ನ ಆಟ. ಶಾಂತವೀರಪ್ಪನವರು ಲೀಗಿನವರ ಜೊತೆ ಒಪ್ಪಂದ ಮಾಡಿಕೊಂಡರು. ಮೈಕು, ಆಂಪ್ಲಿಫೈಯರು, ಹಾರನ್ನು ಎಲ್ಲ ಕಂಪನಿಯದು, ಲೀಗಿಗೆ ಖರ್ಚಿಲ್ಲ. ಆಟದ ಮಧ್ಯೆ ಕಾಫಿಪುಡಿ, ಸೀಗೆಪುಡಿ, ಬೀಡಿಯ ಜಾಹೀರಾತು ಓದುವ ಹಕ್ಕು ಕಂಪನಿಗೆ. ಮೈದಾನದಲ್ಲಿ ಮಾತ್ರ ಕೇಳಿಸಿದರೆ ಏನು ಬಂತು ಎಂದು ಅವರು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ವೈರು ಎಳೆಸಿ ಮೂರನೇ ಬ್ಲಾಕಿನ ಕಾಫಿ ಹೋಟೆಲಿನ ಮುಂದೊಂದು, ಯಡಿಯೂರು ಬಸ್ ಸ್ಟಾಪಿನಲ್ಲೊಂದು, ಸಾರಕ್ಕಿ ಸಂತೆ ಬೀದಿಯಲ್ಲೊಂದು ಹಾರನ್ ಕಟ್ಟಿಸಿದ್ದರು. ಭಾನುವಾರ ಮಧ್ಯಾಹ್ನ ಅಲ್ಲೆಲ್ಲ ಜನ ಗುಂಪು ಕೂಡಿ ತಲೆ ಮೇಲೆತ್ತಿ ಆಟ ಕೇಳುತ್ತಿದ್ದರು.

ವಿವರಣೆಗೆ ಇಬ್ಬರು. ಗಣೇಶೋತ್ಸವದ ನಾಟಕಗಳಲ್ಲಿ ಅನಂತರಾಮುವಿನ ಕಂಠ ಕೇಳಿದ್ದ ಶಾಂತವೀರಪ್ಪ ಅವನನ್ನು ಹಿಡಿದು ತಂದರು. ಅವನಿಗೆ ಕಬಡ್ಡಿಯ ಒಳಗುಟ್ಟು ಅಷ್ಟಾಗಿ ತಿಳಿಯದ್ದರಿಂದ ಚಿಕ್ಕಬೈರಪ್ಪನನ್ನು ಪಕ್ಕದಲ್ಲಿ ಕೂರಿಸಿದರು. ಚಿಕ್ಕಬೈರಪ್ಪ ಸಾರಕ್ಕಿಯವನು, ಒಂದು ಕಾಲಕ್ಕೆ ಒಳ್ಳೆ ಆಟಗಾರ, ಮೊಣಕಾಲು ಕೈಕೊಟ್ಟ ಮೇಲೆ ಸೈಕಲ್ ಶಾಪ್ ಇಟ್ಟುಕೊಂಡಿದ್ದ. ಒಬ್ಬ ಗ್ರಾಂಥಿಕವಾಗಿ ಶುರುಮಾಡಿದ ವಾಕ್ಯವನ್ನು ಇನ್ನೊಬ್ಬ ಹಳ್ಳಿಮಾತಿನಲ್ಲಿ ಮುಗಿಸುತ್ತಿದ್ದ. ಜನ ಅದಕ್ಕೇ ಮರುಳಾಗಿದ್ದರು. ಆಟ ಹೇಗಾದರೂ ಇರಲಿ, ಇವರಿಬ್ಬರ ಮಾತು ಕೇಳೋಣ ಎಂದು ಬರುವವರೂ ಇದ್ದರು.

ಮಾರನೆಯ ದಿನ ಕಚೇರಿ ಬಿಟ್ಟ ಕೂಡಲೇ ಅನಂತರಾಮು ಸಾರಕ್ಕಿಗೆ ಹೋದ. ಚಿಕ್ಕಬೈರಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ.

"ಬನ್ನಿ ರಾಯ್ರೇ. ನಾನೇ ಬರಾನ ಅಂತಿದ್ದೆ. ಏನಂದ್ರಿ ನೀವು?"

"ನಾನಾ? ನೀವೇನೋ ಅಂದಿದೀರಿ ಅಂದ್ಕೊಂಡು ನಾನು ಬಂದೆ."

"ನನ್ತಾವ ಬಂದು ಯಜಮಾನ್ರು ಏನಂದ್ರು ಗೊತ್ತಾ? 'ರಾಯರ ಜೊತೆ ನೀನೂ ಒಂದಷ್ಟು ದಿನ ಸುಮ್ಕಿರಪ್ಪ' ಅಂದ್ರು. ಜೊತೆ ಅಂದ್ಮೇಲೆ ಮಾತು ನಿಮ್ದೇ ಇರ್ಬೇಕು ಅಂತ ನಾನು."

"ನನಗೆ 'ಚಿಕ್ಕಬೈರಪ್ಪನಿಗೂ ಹೇಳಿದೀನಿ' ಅಂದ್ರು."

ಇಬ್ಬರೂ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಹಿಂದಿನ ಭಾನುವಾರ ಆಡಿದ್ದನ್ನೆಲ್ಲ ನೆನಪು ಮಾಡಿಕೊಂಡರು. ಅವತ್ತು ಸಾರಕ್ಕಿಗೂ ಜರಗನಹಳ್ಳಿಗೂ ಆಟ. ಸಾರಕ್ಕಿಯ ಗುಂಡಣ್ಣ ಎದುರಿನ ಅಂಕಣಕ್ಕೆ ನುಗ್ಗಿದಾಗ ನಾಲ್ಕು ಜನ ಮೇಲೆ ಬಿದ್ದು, ಕಲ್ಲಿನ ನೆಲಕ್ಕೆ ಭುಜ ಬಡಿದು ಮೂಳೆ ಜಾರಿತ್ತು. ಎತ್ತಿಕೊಂಡು ಹೋಗುವುದಕ್ಕೆ ಏನೂ ಇರಲಿಲ್ಲ. ಹತ್ತಿರದ ಅಂಗಡಿಯ ಬಾಗಿಲ ಹಲಗೆ ಕಿತ್ತು ತಂದು ಅದರ ಮೇಲೆ ಮಲಗಿಸಿಕೊಂಡು ಹೋದರು. ಅದನ್ನು ನೋಡಿ ಅನಂತರಾಮು ಮೈಕಿನಲ್ಲಿ, "ಆಟಕ್ಕೆ ಟಿಕೆಟ್ಟು ಇಡುವ ಲೀಗಿನವರು ಒಂದು ಸ್ಟ್ರೆಚರ್ ಇಡಬಾರದೇ? ನೆಲದ ಕಲ್ಲನ್ನಾದರೂ ಆರಿಸಬಾರದೇ?" ಎಂದಿದ್ದ.

"ಅದೇ ಇರ್ಬೇಕು," ಎಂದ ಅನಂತರಾಮು.

"ಇರ್ಬೋದು. ಆದ್ರೆ ನಾನೂ ಒಂದು ಅಂದಿದ್ದೆ. ಜರಗನಹಳ್ಳಿಯೋನು ಗೆರೆ ತುಳಿದ್ರೂ ಔಟು ಕೊಡ್ಲಿಲ್ವಲ್ಲ, ಅವಾಗ, ಅಂಪೈರಣ್ಣನ ಕಣ್ಣಿಗೆ ಧೂಳು ಬಿದ್ದೈತೆ, ಯಾರಾನಾ ನೀರು ಕೊಡ್ರಪ್ಪಾ ಅಂದೆ. ಆ ಅಂಪೈರು ಲೀಗಿನ ಪ್ರೆಸಿಡೆಂಟ್ರು ರಾಮಯ್ಯನೋರ ಭಾಮೈದ."

"ಹಾಗಾದ್ರೆ ಅದು."

"ಕಪ್ಪಿನ ವಿಷ್ಯಾನೂ ಅಂದೆ. ಗೆದ್ದೋರಿಗೆ ಕೊಡಾಕೆ ಮೇಜಿನ ಮೇಲೆ ಮಡಗಿದ್ರಲ್ಲ, ನಮ್ಮಜ್ಜಿ ಕಾಫಿ ಕುಡಿಯೋ ಲೋಟ ಇದಕ್ಕಿಂತ ದೊಡ್ದು ಅಂತ."

ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು. ನೋಡುತ್ತಾ ಹೋದರೆ ಅವತ್ತು ಆಡಿದ ಮಾತುಗಳಲ್ಲಿ ಅರ್ಧಕ್ಕರ್ಧ ಯಾರಿಗಾದರೂ ಚುಚ್ಚುವಂಥವೇ ಆಗಿದ್ದವು. ಪ್ರತಿ ಭಾನುವಾರವೂ ಹಾಗೇ ಇರುತ್ತಿದ್ದವು. ಈ ಸಲ ಮಾತ್ರ ಏನಾಯಿತು ಎನ್ನುವುದು ತಿಳಿಯದೆ ಇಬ್ಬರೂ ಶಾಂತವೀರಪ್ಪನವರ ಅಂಗಡಿಗೆ ಹೋಗಿ ನೇರವಾಗಿ ಕೇಳಿದರು.

"ಲೀಗಿನವರ ಮನಸ್ಸಿಗೆ ನೋವಾಗಿದೆ," ಎಂದರು ಶಾಂತವೀರಪ್ಪ. "ಮುಂದಿನ ವರ್ಷಕ್ಕೂ ಒಪ್ಪಂದ ನಮಗೇ ಸಿಗಬೇಕು. ನೀವು ಹೀಗೆ ಮಾತಾಡಿದ್ರೆ ನಾನು ಅವರಿಗೆ ಹೇಗೆ ಮುಖ ತೋರಿಸಲಿ?"

"ಯಾವ ಮಾತು ಅಂತ ಹೇಳಿದ್ರೆ ತಿದ್ಕೋತೀವಿ ಸಾರ್."

"ಆ ಮಾತನ್ನ ನನ್ನ ಬಾಯಲ್ಲೂ ಆಡಿಸ್ಬೇಕಾ ನೀವು?"

"ನೀವು ಕೇಳಿಸಿಕೊಂಡ್ರಾ ಸಾರ್?"

"ನಾನು ಅವತ್ತು ತುಮಕೂರಿನಲ್ಲಿದ್ದೆ," ಎಂದು ಅವರು ಗಿರಾಕಿಯ ಕಡೆ ತಿರುಗಿದರು.

ಮನೆಗೆ ಬಂದು ಅನಂತರಾಮು ಹೆಂಡತಿಯನ್ನು ಕೇಳಿದ. ಕಾತ್ಯಾಯಿನಿ ಪ್ರತಿ ವಾರ ಕಾಫಿ ಹೋಟೆಲಿನ ಹಾರನ್ನು ಕೇಳಿಸುವಂತೆ ಮುಂದಿನ ವರಾಂಡದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳು ಸ್ವಲ್ಪ ಯೋಚನೆ ಮಾಡಿ, "ಮಾತಲ್ಲ ಅಂತ ಕಾಣುತ್ತೆ. ನೀವು ನಕ್ಕಿರಿ," ಎಂದಳು.

"ಯಾವಾಗ?"

"ಲೀಗಿನ ಸೆಕ್ರೆಟರಿ ಸಿದ್ದಲಿಂಗಯ್ಯನವರ ಭಾಷಣ ಮುಗೀತಲ್ಲ, ಅದರ ಹಿಂದೇನೇ. ನೀವೋ ಬೈರಪ್ಪನವರೋ, ಯಾರೋ ಒಬ್ಬರು ಕಿಸಕ್ಕಂತ ನಕ್ಕಿದ್ದು ಇಲ್ಲೀವರೆಗೂ ಕೇಳಿಸ್ತು. ನನಗೇ ಒಂಥರಾ ಆಯ್ತು."

ಅವನಿಗೆ ನಕ್ಕ ನೆನಪಿರಲಿಲ್ಲ. ಪಕ್ಕದ ಮನೆಯ ವಾರಿಜಾ, "ಅದೆಲ್ಲ ಏನೂ ಅಲ್ಲ ಕಣ್ರೀ, ನೀವು ಸೀಗೆಪುಡಿ ಹೆಸರು ತಪ್ಪು ಹೇಳಿದ್ರಿ," ಎಂದಳು. ಹೋಟೆಲಿನಲ್ಲಿ ಕೇಳಿದರೆ ಒಬ್ಬ, "ಲೀಗಿನವರು ದುಡ್ಡು ನುಂಗಿದಾರೆ ಅಂತ ಧೈರ್ಯವಾಗಿ ಹೇಳಿದ್ರಲ್ಲ ಸಾರ್, ಭೇಷ್," ಎಂದು ಕೈ ಕುಲುಕಿದ. ಅಂಥ ಮಾತನ್ನು ಅನಂತರಾಮು ಕನಸಿನಲ್ಲೂ ಆಡಿರಲಿಲ್ಲ. ಇಲ್ಲ ಎಂದರೆ ಆ ಮನುಷ್ಯ ಕಣ್ಣು ಮಿಟುಕಿಸಿ, "ಬಿಡಿ, ಅರ್ಥ ಆಗುತ್ತೆ," ಎಂದ. ಅವತ್ತಿನಿಂದ ಅನಂತರಾಮುವಿಗೆ ತನ್ನ ನೆನಪಿನ ಮೇಲೇ ಅನುಮಾನ ಶುರುವಾಯಿತು. ಆಟದ ರಭಸದಲ್ಲಿ ಬಾಯಿಂದ ಏನು ಹೊರಟಿತೋ ಯಾರು ಕಂಡವರು? ಮೈಕಿನಲ್ಲಿ ಆಡಿದ್ದು ಗಾಳಿಗೆ ಹೋಗಿತ್ತು, ತಿರುಗಿ ಕೇಳುವ ದಾರಿ ಇರಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಟಿಕೆಟ್ಟು ಕೊಂಡು ಜನರ ಮಧ್ಯೆ ನಿಂತರು. ಮೈಕಿನ ಮುಂದೆ ಕಂಪನಿಯ ಲೆಕ್ಕ ಬರೆಯುವವನು ಕೂತಿದ್ದ. ಅವನು ಗ್ರಾಮಫೋನ್ ಹಾಕುವುದು, ಜಾಹೀರಾತು ಓದುವುದು, ಅಂಕ ಹೇಳುವುದು, ಮತ್ತೆ ಗ್ರಾಮಫೋನ್ ಹಾಕುವುದು, ಇಷ್ಟೇ ಮಾಡುತ್ತಿದ್ದ. ಅನಂತರಾಮುವಿನ ಕಣ್ಣು ಹೋದದ್ದು ಬೇರೆ ಕಡೆಗೆ. ಅಂಕಣದ ಪಕ್ಕದಲ್ಲಿ ಹೊಸ ಸ್ಟ್ರೆಚರ್ ಇತ್ತು, ಕ್ಯಾನ್ವಾಸಿನ ಮೇಲೆ ಲೀಗಿನ ಹೆಸರು ಬರೆದಿತ್ತು. ನೆಲದ ಕಲ್ಲು ಆರಿಸಿ ಮರದ ಹೊಟ್ಟು ಹರಡಿದ್ದರು.

"ರಾಯ್ರೇ, ನಿಮ್ಮ ಮಾತು ಅಲ್ಲ ಅಂಗಾದ್ರೆ," ಎಂದ ಚಿಕ್ಕಬೈರಪ್ಪ. ಅವನ ದನಿ ಸಣ್ಣಗಿತ್ತು.

ಆಟ ಮುಗಿದ ಮೇಲೆ ಸಿದ್ದಲಿಂಗಯ್ಯನವರೇ ಇವರನ್ನು ನೋಡಿ ಹತ್ತಿರ ಬಂದರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಈಗಲೂ ಕತ್ತಿನಲ್ಲಿ ಸೀಟಿ.

"ಏನ್ರಪ್ಪಾ, ಎರಡು ಜನ ಸೇರಿ ಕೈಕೊಟ್ಬಿಟ್ರಲ್ಲ. ಸಂಭಾವನೆ ಜಾಸ್ತಿ ಬೇಕು ಅಂತ ಹಟ ಹಿಡಿದ್ರಂತೆ?"

"ಯಾರು ಹೇಳಿದ್ದು ಸಾರ್? ನಮ್ಮನ್ನ ಬರಬೇಡಿ ಅಂದಿದ್ದು. ನೀವು ನೊಂದ್ಕೊಂಡಿದೀರಿ ಅಂತ."

"ನಾನಾ?" ಸಿದ್ದಲಿಂಗಯ್ಯ ಎದೆ ಮುಟ್ಟಿಕೊಂಡರು. "ಸ್ಟ್ರೆಚರ್ ಬಗ್ಗೆ ಹೇಳಿದ್ದು ಒಳ್ಳೇದೇ ಆಯ್ತಲ್ಲ. ಕಮಿಟೀಲಿ ನಾನು ಆರು ತಿಂಗಳಿಂದ ಬಡ್ಕೋತಿದ್ದೆ, ನೀವು ಮೈಕಲ್ಲಿ ಅಂದ ಮೇಲೆ ಒಂದೇ ವಾರಕ್ಕೆ ಬಂತು."

"ನಿಮ್ಮ ಭಾಷಣ ಆದ ಮೇಲೆ ನಾವು ನಕ್ಕಿದ್ದು..." ಎಂದು ಅನಂತರಾಮು ಶುರುಮಾಡಿದ. ಚಿಕ್ಕಬೈರಪ್ಪ ಅವನ ಕಾಲು ತುಳಿದ.

"ನಕ್ರಾ? ಯಾಕೆ?" ಎಂದರು ಸಿದ್ದಲಿಂಗಯ್ಯ. ಅವರ ಮುಖದ ಬಣ್ಣ ಸ್ವಲ್ಪ ಬದಲಾಯಿತು. "ನನಗೆ ಗೊತ್ತಿಲ್ಲಪ್ಪ. ಪ್ರೆಸಿಡೆಂಟ್ರು ಏನಾದ್ರೂ ಅಂದಿರಬಹುದು, ರಾಮಯ್ಯನವರನ್ನೇ ಕೇಳಿ."

ಅಲ್ಲಿಂದಲೇ ಇಬ್ಬರೂ ಕನಕಪುರ ರಸ್ತೆಯ ಬಸ್ಸು ಹಿಡಿದು ಜರಗನಹಳ್ಳಿಗೆ ಹೋದರು. ರಾಮಯ್ಯನವರು ಆ ಊರಿನ ದೊಡ್ಡ ಹಿಡುವಳಿದಾರರು. ಆಟ ನೋಡಿ ಜಟಕಾದಲ್ಲಿ ಆಗಲೇ ಮನೆ ಸೇರಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಇವರನ್ನು ಕಂಡು ಕಾಲು ಮಡಿಸಿಕೊಂಡರು. ಹೆಂಡತಿ ಸೊಣ್ಣಮ್ಮನನ್ನು ಕೂಗಿ ಮಜ್ಜಿಗೆ ತರಿಸಿದರು. ಇಷ್ಟು ಆದರ ಮಾಡುವ ಮನುಷ್ಯನಿಗೆ ಕೋಪವಿದ್ದೀತೇ ಎಂದು ಅನಂತರಾಮುವಿಗೆ ಧೈರ್ಯ ಬಂತು.

"ಯಜಮಾನ್ರೇ, ನಮ್ಮ ಮಾತಿಂದ ನಿಮಗೆ ಬೇಜಾರಾಗಿದೆ ಅಂತ ಕೇಳಿದ್ವಿ."

"ಆಗೈತೆ," ಎಂದರು ರಾಮಯ್ಯ ಸಾವಧಾನವಾಗಿ.

ಕೊನೆಗೂ ಸರಿಯಾದ ಜಾಗಕ್ಕೆ ಬಂದೆವಲ್ಲ ಎಂದು ಇಬ್ಬರೂ ಉಸಿರು ಬಿಟ್ಟರು. "ಯಾವ ಮಾತಿಗೆ ಯಜಮಾನ್ರೇ?"

"ಅದ ನೀವು ಯೋಳ್ಬೇಕು. ಆವತ್ತು ಆಟದ ದಿನ ನಾನು ಕೊನೇಲಿ ಬಂದೋನು, ನಂಟರ ಮದ್ವೆ ಇತ್ತು. ನಿಮ್ಮ ಮಾತು ಒಂದೂ ಕೇಳಿಲ್ಲ. ಮಾರನೇ ದಿನ ಶಾಂತವೀರಪ್ಪನೋರು ಇಲ್ಲಿಗಂಟ ಬಂದು, 'ಅವರಿಬ್ಬರನ್ನೂ ತೆಗೀತಿದೀನಿ, ನೀವು ಮನಸ್ಸಿಗೆ ಹಚ್ಕೋಬೇಡಿ' ಅಂದ್ರು. ನಾನು ಯಾತಕ್ಕೆ ಹಚ್ಕೋಬಾರ್ದು ಅಂತ ಕೇಳ್ದೆ. 'ಅದೇ ಆ ಮಾತಿಗೆ' ಅಂದ್ರು. ಯಾವ ಮಾತು ಅಂದ್ರೆ, 'ಬಿಡಿ, ದೊಡ್ಡೋರು ನೀವು, ಅದ ಕೇಳಿ ಏನು ಮಾಡ್ತೀರಿ' ಅಂದ್ರು. ಅಷ್ಟು ಕೆಟ್ಟ ಮಾತು ಏನಿರ್ಬೋದು ಅಂತ ಆವತ್ತಿಂದ ನನಗೆ ಬೇಜಾರು."

ಸೊಣ್ಣಮ್ಮ ಬಾಗಿಲ ಹತ್ತಿರ ನಿಂತು, "ರಾತ್ರಿ ನಿದ್ದೆ ಮಾಡಾಕಿಲ್ಲ ಕಣಪ್ಪ," ಎಂದಳು.

"ಅಂಥದ್ದೇನೂ ಅಂದಿಲ್ಲ ಯಜಮಾನ್ರೇ," ಎಂದ ಅನಂತರಾಮು.

"ಏನಂದ್ರಿ ಅಂತಾನಾದ್ರೂ ಯೋಳಿ. ನಾನೇ ತೂಗಿ ನೋಡ್ತೀನಿ."

ಅನಂತರಾಮು ಮುಚ್ಚುಮರೆಯಿಲ್ಲದೆ ಹೇಳತೊಡಗಿದ. ನಿಜ ಹೇಳಿದರೆ ಗಂಟು ಬಿಚ್ಚುತ್ತದೆ ಎಂದು ಅವನ ನಂಬಿಕೆ. ಸ್ಟ್ರೆಚರಿನ ಮಾತು ಕೇಳಿ ರಾಮಯ್ಯ ತಲೆಯಾಡಿಸಿದರು. ಕಪ್ಪಿನ ಮಾತು ಬಂದಾಗ ಅವರ ಕೈಯಲ್ಲಿದ್ದ ಲೋಟ ಕೆಳಗಿಳಿಯಿತು.

"ಕಪ್ಪಿನ ವಿಷ್ಯಾನೂ ಅಂದ್ರಾ? ಆ ಕಪ್ಪು ನಮ್ಮಪ್ಪನ ಹೆಸರಲ್ಲಿ ನಾನು ಕೊಡ್ಸಿದ್ದು."

ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅನಂತರಾಮು ಗಾಬರಿಯಲ್ಲಿ, ಅದು ಬರೀ ತಮಾಷೆಗೆ, ಅಂಪೈರಿನ ಕಣ್ಣಿಗೆ ಧೂಳು ಬಿತ್ತು ಅಂದಂತೆಯೇ ಇದೂ, ಎಂದ.

"ಯಾವ ಅಂಪೈರು? ನಮ್ಮ ಸೊಣ್ಣಮ್ಮನ ತಮ್ಮನಿಗಾ?"

ಸೊಣ್ಣಮ್ಮ ಮಜ್ಜಿಗೆಯ ಚೊಂಬನ್ನು ಎತ್ತಿಕೊಂಡು ಒಳಗೆ ಹೋದಳು.

ರಾಮಯ್ಯ ಬೈಯಲಿಲ್ಲ. ಅಂಗಳದ ಹುಣಿಸೆಮರದ ಕಡೆ ಮುಖ ತಿರುಗಿಸಿ, "ಹೋಗ್ಬನ್ನಿ," ಎಂದರು.

ಬಸ್ಸಿಗೆ ಕಾಯದೆ ಇಬ್ಬರೂ ಸಾರಕ್ಕಿಯ ಕಡೆ ನಡೆದರು. ಕೆರೆ ಏರಿಯ ಹತ್ತಿರ ಬಂದಾಗ ಚಿಕ್ಕಬೈರಪ್ಪ ನಿಂತ.

"ಕಪ್ಪಿಂದು, ಅಂಪೈರಿಂದು ಎರಡೂ ನಾನಂದಿದ್ದು ರಾಯ್ರೇ. ನೀವ್ಯಾಕೆ ಯೋಳಿದ್ರಿ?"

"ನಾವಿಬ್ರೂ ಅಂದ್ವಿ ಅಂತಲೇ ಹೇಳಿದೆನಲ್ಲ."

"ಅವರಿಗೆ ಗೊತ್ತಾಗಲ್ವಾ ಅಜ್ಜಿ ಲೋಟದ ಮಾತು ಯಾರ ಬಾಯಿಂದ ಬರ್ತದೆ ಅಂತ? ನೀವು ಜಯನಗರದೋರು, ನಾಳೆ ಕಚೇರಿಗೆ ಹೋಯ್ತೀರಿ. ನಮ್ಮ ಅಕ್ಕನ ಮಗಳನ್ನ ಅವರ ಮನೇಗೇ ಕೊಟ್ಟೈತೆ."

ಅದೂ ಅನಂತರಾಮುವಿಗೆ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಮೈಕಿಗೆ ಬಾಯಿಟ್ಟು ಮಾತಾಡಿದ ಮನುಷ್ಯನ ವಿಷಯದಲ್ಲಿ ತನಗೆ ಇಷ್ಟು ತಿಳಿಯದೆ ಹೋಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ತಾನು ಮಾಡಿದ ತಪ್ಪು ಏನು ಎಂಬುದು ಹಿಡಿತಕ್ಕೆ ಸಿಗಲಿಲ್ಲ. ಸುಳ್ಳು ಹೇಳಬೇಕಾಗಿತ್ತೇ? ಕ್ಷಮಿಸಿ ಎಂದ. ಚಿಕ್ಕಬೈರಪ್ಪ, "ಬಿಡಿ," ಎಂದು ಅಂಗಡಿಯ ಕಡೆ ತಿರುಗಿದ. ಮುಂದಿನ ಕೆಲವು ವಾರ ಇಬ್ಬರೂ ಭೇಟಿಯಾಗಲಿಲ್ಲ.

ಅಷ್ಟರಲ್ಲಿ ಹಾರನ್ನುಗಳ ಕೆಳಗೆ ಜನ ಕಡಿಮೆಯಾದರು. ಬರೀ ಅಂಕ ಕೇಳಲು ಯಾರು ನಿಲ್ಲುತ್ತಾರೆ? ಕಾಫಿಪುಡಿಯವರು ಜಾಹೀರಾತು ನಿಲ್ಲಿಸುತ್ತೇವೆಂದರು. ಫೈನಲ್ ಹತ್ತಿರ ಬಂದಾಗ ಶಾಂತವೀರಪ್ಪ ಮತ್ತೆ ಅನಂತರಾಮುವಿನ ಮನೆಗೆ ಬಂದರು. ಈ ಸಲ ಕೂತರು, ಕಾಫಿಯನ್ನೂ ಕುಡಿದರು.

"ಫೈನಲ್ಲಿಗೆ ಇಬ್ರೂ ಬನ್ನಿ. ಲೀಗಿನವರನ್ನ ಒಪ್ಪಿಸಿದೀನಿ. ಶುರುವಿನಲ್ಲಿ ಮೈಕಲ್ಲೇ ಒಂದು ತಪ್ಪಾಯ್ತು ಅಂದ್ಬಿಡಿ, ಮುಗೀತು."

"ಯಾವುದಕ್ಕೆ ಸಾರ್?"

"ಯಾವುದಕ್ಕಾದ್ರೂ. ಹೆಸರು ಹಿಡಿದು ಹೇಳಬೇಡಿ, ಮತ್ತೆ ಹೊಸದಾಗಿ ನೋವಾಗುತ್ತೆ."

"ಸಾರ್, ಅವತ್ತು ನಿಮಗೆ ಯಾರು ಬಂದು ಹೇಳಿದ್ದು, ನಾವು ಏನೋ ಅಂದ್ವಿ ಅಂತ?"

ಶಾಂತವೀರಪ್ಪ ಲೋಟ ಕೆಳಗಿಟ್ಟು ನೆನಪು ಮಾಡಿಕೊಂಡರು. "ತುಮಕೂರಿಂದ ಬಂದಿಳಿದಾಗ ಬಸ್ ಸ್ಟಾಂಡಿನಲ್ಲಿ ಯಾರೋ ಅಂದ್ರು. ಏನ್ ಸಾರ್, ನಿಮ್ಮೋರು ಇವತ್ತು ಲೀಗಿನವರ ಚಳಿ ಬಿಡಿಸಿಬಿಟ್ರು ಅಂತ. ನನ್ನ ಎದೆ ಧಸಕ್ಕಂತು. ಅವರು ಕೋಪ ಮಾಡ್ಕೊಳ್ಳೋಕೆ ಮುಂಚೆ ನಾನೇ ಹೋಗಿ ಸಮಾಧಾನ ಮಾಡೋಣ ಅಂತ ಹೋದೆ. ವ್ಯಾಪಾರ ಅಂದ್ರೆ ಹಾಗೇ ಇರ್ಬೇಕು."

ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ ಅನಂತರಾಮುವಿಗೆ ಕೋಪ ಬರಲಿಲ್ಲ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಎಂಬುದೇ ಗೊತ್ತಾಗಲಿಲ್ಲ. ಆಗಲಿ ಎಂದ. ಚಿಕ್ಕಬೈರಪ್ಪ ಜೊತೆಗಿರುತ್ತಾನೆ ಎನ್ನುವುದೂ ಒಂದು ಆಸೆಯಾಗಿತ್ತು.

ಫೈನಲ್ ದಿನ ಬಯಲು ತುಂಬಿತ್ತು. ಚಿಕ್ಕಬೈರಪ್ಪ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, "ಚೆನ್ನಾಗಿದೀರಾ ರಾಯ್ರೇ?" ಎಂದು ಕೇಳಿದ. ಅನಂತರಾಮು ಎದ್ದು ನಿಂತು ಮೈಕು ಹಿಡಿದು, "ಹಿಂದೆ ನಮ್ಮ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ, ನಾವಿಬ್ಬರೂ ಕ್ಷಮೆ ಕೇಳುತ್ತೇವೆ," ಎಂದ. ಜನ ಇವರು ವಾಪಸು ಬಂದ ಸಂತೋಷಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ರಾಮಯ್ಯನವರೂ ತಟ್ಟಿದರು. ಸಿದ್ದಲಿಂಗಯ್ಯ ತಟ್ಟಲಿಲ್ಲ.

ಆಟ ಶುರುವಾಯಿತು. ಯಡಿಯೂರಿನ ಹುಡುಗನೊಬ್ಬ ಕಬಡ್ಡಿ ಕಬಡ್ಡಿ ಎನ್ನುತ್ತಾ ಜರಗನಹಳ್ಳಿಯ ಅಂಕಣಕ್ಕೆ ನುಗ್ಗಿದ. ಅನಂತರಾಮು ಬಾಯಿ ತೆರೆದ. ಹುಡುಗ ಹೆದರಿದಂತೆ ಕಾಣುತ್ತಾನೆ ಎನ್ನಲು ಹೊರಟು, ಹೆದರಿದ ಎಂದರೆ ಯಡಿಯೂರಿನವರಿಗೆ ಏನನ್ನಿಸುತ್ತದೋ ಎಂದು ನಿಲ್ಲಿಸಿದ. ಹಿಡಿತ ಸಡಿಲವಾಯಿತು ಎನ್ನಲು ಹೊರಟು, ಹಿಡಿದವನು ರಾಮಯ್ಯನವರ ಊರಿನವನು ಎಂದು ನುಂಗಿಕೊಂಡ. ಬಿಸಿಲು ಜೋರಾಗಿದೆ ಎನ್ನಬಹುದಿತ್ತು, ಆದರೆ ಆಟದ ಹೊತ್ತು ಗೊತ್ತುಮಾಡಿದವರು ಲೀಗಿನವರು. ಪ್ರತಿ ಮಾತೂ ನಾಲಿಗೆಯ ತುದಿಗೆ ಬಂದು ಇದೇ ಆ ಮಾತೇನೋ ಎಂದು ಹಿಂದಕ್ಕೆ ಹೋಗುತ್ತಿತ್ತು. "ಯಡಿಯೂರಿಗೆ ಒಂದು ಅಂಕ," ಎಂದ. ಬಹಳ ಹೊತ್ತಿನ ಮೇಲೆ, "ಜರಗನಹಳ್ಳಿಗೆ ಒಂದು," ಎಂದ.

ಮೂರನೇ ಬ್ಲಾಕಿನ ಹೋಟೆಲಿನಲ್ಲಿ ಹಾರನ್ ಕೆಟ್ಟಿದೆ ಎಂದು ಜನ ಗಲಾಟೆ ಮಾಡಿದರು. ಕಂಪನಿಯ ವೈರ್‌ಮನ್ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ನೋಡುತ್ತಾ ಹೋದ. ಎಲ್ಲೂ ತುಂಡಾಗಿರಲಿಲ್ಲ.

"ಮಾತಾಡ್ರೀ ರಾಯ್ರೇ," ಎಂದು ಚಿಕ್ಕಬೈರಪ್ಪ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ಅನಂತರಾಮು ಅವನ ಕಡೆ ನೋಡಿದ ರೀತಿಗೆ ಅವನು ಮತ್ತೇನೂ ಕೇಳದೆ ಮೈಕನ್ನು ತನ್ನತ್ತ ಎಳೆದುಕೊಂಡ. ಮೊದಲು ತಡವರಿಸಿದರೂ ಆಮೇಲೆ ಒಬ್ಬನೇ ಆಟ ಮುಗಿಯುವವರೆಗೂ ಮಾತಾಡಿದ. ಕಪ್ಪು ಕೊಡುವಾಗ ಅದನ್ನು ಬಾಯಿತುಂಬ ಹೊಗಳಿದ. ಜನ ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ರಾಮಯ್ಯನವರ ಮುಖ ಮತ್ತೆ ಸಪ್ಪಗಾದದ್ದನ್ನು ಅನಂತರಾಮು ಒಬ್ಬನೇ ನೋಡಿದ.

ಆಮೇಲೆ ಅವನು ಮೈಕಿನ ಹತ್ತಿರ ಹೋಗಲಿಲ್ಲ. ಯಾರೂ ಬರಬೇಡ ಎಂದಿರಲಿಲ್ಲ, ಕರೆಯಲು ಬಂದದ್ದೂ ಉಂಟು. ಚಿಕ್ಕಬೈರಪ್ಪ ಮುಂದಿನ ವರ್ಷವೂ ಒಬ್ಬನೇ ನಡೆಸಿದ, ಚೆನ್ನಾಗಿಯೇ ನಡೆಸಿದ. ಅನಂತರಾಮು ಸೈಕಲ್ಲು ರಿಪೇರಿಗೆಂದು ಸಾರಕ್ಕಿಗೆ ಹೋಗುತ್ತಿದ್ದ. ಇಬ್ಬರೂ ಕಲ್ಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಕಬಡ್ಡಿಯ ಮಾತು ಮಾತ್ರ ತೆಗೆಯುತ್ತಿರಲಿಲ್ಲ.

ಒಮ್ಮೆ ಬನಶಂಕರಿ ದೇವಸ್ಥಾನದ ಹತ್ತಿರ ಬಸ್ಸಿಗೆ ನಿಂತಿದ್ದಾಗ ರಾಮಯ್ಯನವರು ಸಿಕ್ಕಿದರು. ಕೈಯಲ್ಲಿ ಪ್ರಸಾದದ ಪೊಟ್ಟಣವಿತ್ತು. ಅರ್ಧ ಬಾಳೆಹಣ್ಣು ಮುರಿದು ಅನಂತರಾಮುವಿನ ಕೈಗಿಟ್ಟರು.

"ಆ ಮಾತ ನಾನು ಮರ್ತ್‌ಬುಟ್ಟಿದೀನಿ," ಎಂದರು. "ನೀವೂ ಮರ್ತ್‌ಬುಡಿ."

"ಆಗಲಿ ಯಜಮಾನ್ರೇ," ಎಂದ ಅನಂತರಾಮು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಹಣ್ಣು ತಿಂದ. ರಾಮಯ್ಯನವರು ಮರೆತದ್ದು ಕಪ್ಪಿನ ಮಾತೋ, ಅಂಪೈರಿನದೋ, ಬೇರೆ ಯಾವುದೋ ಎಂದು ಕೇಳಬೇಕಾಗಿತ್ತು ಎನ್ನಿಸಿ ತಿರುಗಿ ನೋಡಿದ. ಅವರು ಆಗಲೇ ರಸ್ತೆ ದಾಟುತ್ತಿದ್ದರು.